ಕಾರ್ಯಾಚರಣ ವ್ಯವಸ್ಥೆಗಳ ಸ್ವಯಂಚಾಲಿತ ಅನುಸ್ಥಾಪನೆ: ಪ್ರಶ್ನೆ, ಉತ್ತರ ಮತ್ತು ಗುರುತು

ಗಣಕಯಂತ್ರವೊಂದರಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಅನುಸ್ಥಾಪಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಮೂಲತಃ ಒಂದು ಪ್ರಶ್ನೋತ್ತರ. ಯಾವ ಭಾಷೆ, ಯಾವ ಕೀಲಿಮಣೆ, ಯಾವ ಕಾಲವಲಯ. ಡಿಸ್ಕನ್ನು ಎಷ್ಟು ವಿಭಾಗ ಮಾಡಬೇಕು, ಅದರಲ್ಲಿರುವುದನ್ನು ಉಳಿಸಬೇಕೆ ಅಳಿಸಬೇಕೆ. ಜಾಲದಲ್ಲಿ ಯಂತ್ರದ ಹೆಸರೇನು, ವಿಳಾಸವೇನು. ಆಡಳಿತಗಾರನ ಗುಪ್ತಪದ ಯಾವುದು. ಯಾವ ಯಾವ ತಂತ್ರಾಂಶಗಳು ಬೇಕು. ಯಂತ್ರ ಕೇಳುತ್ತದೆ, ಎದುರಿಗೆ ಕುಳಿತವನು ಉತ್ತರಿಸುತ್ತಾನೆ. ನಡುನಡುವೆ ಕಡತಗಳ ನಕಲು ಮುಗಿಯುವವರೆಗೆ ಕಾಯುತ್ತಾನೆ.

ಒಂದೇ ಯಂತ್ರವಾದರೆ ಇದರಲ್ಲಿ ಕಷ್ಟವೇನೂ ಇಲ್ಲ. ಒಂದು ಪ್ರಯೋಗಾಲಯದಲ್ಲಿ 60 ಯಂತ್ರಗಳಿದ್ದು, ಪ್ರತಿಯೊಂದಕ್ಕೂ 40 ನಿಮಿಷಗಳ ಗಮನ ಬೇಕೆಂದರೆ ಒಬ್ಬ ನೌಕರನ 40 ಗಂಟೆಗಳು, ಅಂದರೆ ಹೆಚ್ಚುಕಡಿಮೆ ಒಂದು ವಾರದ ದುಡಿಮೆ, ಅದಕ್ಕೇ ಮುಗಿಯುತ್ತದೆ. ಆದರೆ ಕಾಲದ ಈ ಲೆಕ್ಕಕ್ಕಿಂತ ಮುಖ್ಯವಾದುದು ಏಕರೂಪತೆಯ ಪ್ರಶ್ನೆ. ಒಂದೇ ಉತ್ತರವನ್ನು ಅರವತ್ತು ಬಾರಿ ತಪ್ಪದೆ ಹೇಳುವುದು ಮನುಷ್ಯನ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಎಲ್ಲೋ ಒಂದು ಯಂತ್ರದಲ್ಲಿ ಕಾಲವಲಯ ಬೇರೆಯಾಗುತ್ತದೆ, ಇನ್ನೊಂದರಲ್ಲಿ ಡಿಸ್ಕಿನ ವಿಭಾಗ ಕಿರಿದಾಗುತ್ತದೆ. ಆರು ತಿಂಗಳ ಮೇಲೆ ಆ ಯಂತ್ರವೊಂದೇ ತೊಂದರೆ ಕೊಡುವಾಗ ಕಾರಣವನ್ನು ಹುಡುಕುವುದು ದುಸ್ತರ. ಏಕೆಂದರೆ ಅಂದು ಕೊಟ್ಟ ಉತ್ತರಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಉತ್ತರಗಳನ್ನು ಮೊದಲೇ ಬರೆದಿಟ್ಟು, ಎದುರಿಗೆ ಯಾರೂ ಇಲ್ಲದೆಯೇ ಯಂತ್ರ ತನ್ನನ್ನು ತಾನು ಕಟ್ಟಿಕೊಳ್ಳುವಂತೆ ಮಾಡುವ ವಿಧಾನಗಳು ಹುಟ್ಟಿದ್ದು ಈ ಎರಡು ಅಗತ್ಯಗಳಿಂದ.

ಬರಿದಾದ ಯಂತ್ರ ಏಳುವ ಬಗೆ

ಡಿಸ್ಕಿನಲ್ಲಿ ಏನೂ ಇಲ್ಲದ ಯಂತ್ರಕ್ಕೆ ಅನುಸ್ಥಾಪಕ ತಂತ್ರಾಂಶ ಎಲ್ಲಿಂದ ಬರಬೇಕು? ಫ್ಲಾಪಿ, ಸಿಡಿ, ಯುಎಸ್‌ಬಿ ಕಡ್ಡಿ ಇವೆಲ್ಲವನ್ನೂ ಕೈಯಿಂದ ಹಾಕಬೇಕು. ಜಾಲದ ಮೂಲಕವೇ ತರಿಸಿಕೊಳ್ಳುವ ಉಪಾಯ ಮೊದಲಿಗೆ ಅನುಸ್ಥಾಪನೆಗಾಗಿ ರೂಪುಗೊಂಡದ್ದಲ್ಲ ಎಂಬುದು ಗಮನಾರ್ಹ. 1980ರ ದಶಕದಲ್ಲಿ ಡಿಸ್ಕ್ ದುಬಾರಿಯಾಗಿತ್ತು. ಡಿಸ್ಕೇ ಇಲ್ಲದ ಕಾರ್ಯಕೇಂದ್ರಗಳನ್ನು ತಯಾರಿಸಿ, ಅವುಗಳಿಗೆ ಬೇಕಾದ ಎಲ್ಲವನ್ನೂ ಜಾಲದಲ್ಲಿನ ಸರ್ವರ್‌ನಿಂದ ಒದಗಿಸುವ ರೂಢಿ ಅಂದು ಬೆಳೆಯಿತು. ಅದಕ್ಕಾಗಿ ರಚಿತವಾದ ನಿಯಮಾವಳಿಗಳನ್ನೇ ಅನುಸ್ಥಾಪನೆ ಮುಂದೆ ಎರವಲು ಪಡೆಯಿತು.

ಈ ನಿಯಮಾವಳಿಗಳಲ್ಲಿ ಮೊದಲಿನದು ಟಿಎಫ್‌ಟಿಪಿ. ಇದರ ಪರಿಷ್ಕೃತ ರೂಪ 1981ರಲ್ಲಿಯೂ, ಇಂದು ಪ್ರಮಾಣವೆಂದು ಗಣಿಸುವ ರೂಪ 1992ರಲ್ಲಿಯೂ ಪ್ರಕಟವಾದವು. ಯಂತ್ರವೊಂದು ತನ್ನ ಜಾಲ ವಿಳಾಸವನ್ನೂ ತಾನು ತರಿಸಿಕೊಳ್ಳಬೇಕಾದ ಕಡತದ ಹೆಸರನ್ನೂ ಕೇಳಿ ತಿಳಿಯುವ ಬೂಟ್‌ಪಿ ನಿಯಮಾವಳಿಯನ್ನು ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ 1985ರಲ್ಲಿ ಪ್ರಕಟಿಸಿದರು. ಅದನ್ನೇ ವಿಸ್ತರಿಸಿದ ಡಿಎಚ್‌ಸಿಪಿ 1993ರಲ್ಲಿ ಬಂದು 1997ರಲ್ಲಿ ಪರಿಷ್ಕಾರಗೊಂಡಿತು. ಈ ಎಲ್ಲವನ್ನೂ ಒಂದು ಕಟ್ಟಿಗೆ ತಂದು, ಜಾಲಕಾರ್ಡಿನ ಅಚ್ಚಳಿಯದ ಸ್ಮೃತಿಯಲ್ಲಿಯೇ ಇರಿಸುವ ಪಿಎಕ್ಸ್‌ಇ ಎಂಬ ಮಾನದಂಡವನ್ನು ಇಂಟೆಲ್ ರೂಪಿಸಿತು, ಅದರ 2.1ನೆಯ ಆವೃತ್ತಿ ಹೊರಬಂದದ್ದು 1999ರ ಸೆಪ್ಟೆಂಬರಿನಲ್ಲಿ.

ಪಿಎಕ್ಸ್‌ಇ ನಡೆಯುವ ಕ್ರಮ ಹೀಗೆ. ವಿದ್ಯುತ್ ಹರಿದೊಡನೆ ಯಂತ್ರ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ತಾನು ಪಿಎಕ್ಸ್‌ಇ ಗ್ರಾಹಕ, ತನ್ನ ಜಾಲಕಾರ್ಡಿನ ಸಂಖ್ಯೆ ಇಂಥದು, ತನ್ನ ಸಂಸ್ಕಾರಕದ ಬಗೆ ಇಂಥದು. ಸರ್ವರ್ ಒಂದು ವಿಳಾಸವನ್ನೂ ಒಂದು ಕಡತದ ಹೆಸರನ್ನೂ ಮರಳಿಸುತ್ತದೆ. ಯಂತ್ರ ಆ ಕಡತವನ್ನು ಟಿಎಫ್‌ಟಿಪಿ ಮೂಲಕ ತರಿಸಿಕೊಂಡು ಅದಕ್ಕೆ ಹಿಡಿತ ಒಪ್ಪಿಸುತ್ತದೆ. ಆ ಪುಟ್ಟ ಕಾರ್ಯಕ್ರಮ ಕರ್ನಲನ್ನೂ ಅನುಸ್ಥಾಪಕವನ್ನೂ ತರಿಸುತ್ತದೆ. ಹಳೆಯ ಬಯಾಸ್ ಇರುವ ಯಂತ್ರಕ್ಕೆ ಒಂದು ಕಡತ, ಯುಇಎಫ್‌ಐ ಇರುವ ಯಂತ್ರಕ್ಕೆ ಇನ್ನೊಂದು. ಸರ್ವರ್ ಈ ಭೇದವನ್ನು ಗುರುತಿಸದಿದ್ದರೆ ಯಂತ್ರ ಏಳುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಟಿಎಫ್‌ಟಿಪಿಯ ಸರಳತೆಯೇ ಅದರ ಗುಣವೂ ದೋಷವೂ ಆಗಿದೆ. ಕಿರಿದಾದ ಸ್ಮೃತಿಯಲ್ಲಿ ಅಡಗುವಷ್ಟು ಚಿಕ್ಕದು ಎಂಬ ಕಾರಣಕ್ಕೇ ಅದು ಆಯ್ಕೆಯಾಯಿತು. ಆದರೆ ಅದು 512 ಬೈಟುಗಳ ತುಣುಕೊಂದನ್ನು ಕಳಿಸಿ, ತಲುಪಿತೆಂಬ ಸ್ವೀಕೃತಿ ಬರುವವರೆಗೆ ಕಾದು, ಅನಂತರವೇ ಮುಂದಿನದನ್ನು ಕಳಿಸುತ್ತದೆ. ತುಣುಕಿನ ಕ್ರಮಸಂಖ್ಯೆಗೆ 16 ಬಿಟ್ಟುಗಳಷ್ಟೇ ಇರುವುದರಿಂದ ಮೂಲ ರೂಪದಲ್ಲಿ ಸುಮಾರು 32 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಸಾಗಿಸುವಂತಿರಲಿಲ್ಲ. ತುಣುಕಿನ ಗಾತ್ರವನ್ನು ಹಿಗ್ಗಿಸುವ ತಿದ್ದುಪಡಿ 1995ರಲ್ಲಿ ಬಂದಿತು. ಜಾಲತಾಣಗಳು ಬಳಸುವ ಎಚ್‌ಟಿಟಿಪಿ ಮೂಲಕವೇ ಯಂತ್ರವನ್ನು ಎಬ್ಬಿಸುವ ಸೌಲಭ್ಯ 2015ರ ಯುಇಎಫ್‌ಐ 2.5ರಲ್ಲಿ ಸೇರಿತು.

ಇದಕ್ಕಿಂತ ಗಂಭೀರವಾದ ಕೊರತೆ ಬೇರೆಯಿದೆ. ಕೂಗಿಗೆ ಓಗೊಟ್ಟವನು ನಿಜವಾದ ಸರ್ವರ್ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಡಿಎಚ್‌ಸಿಪಿಯ ಸಾಮಾನ್ಯ ಬಳಕೆಯಲ್ಲಾಗಲಿ ಟಿಎಫ್‌ಟಿಪಿಯಲ್ಲಾಗಲಿ ಇಲ್ಲ. ಅದೇ ಜಾಲದಲ್ಲಿರುವ ಇನ್ನಾವುದೋ ಯಂತ್ರ ಮೊದಲು ಉತ್ತರಿಸಿದರೆ ಅದರ ಮಾತೇ ನಡೆಯುತ್ತದೆ. ಸೆಕ್ಯೂರ್ ಬೂಟ್ ಎಂಬ ಮುದ್ರಾ ಪದ್ಧತಿ ಏಳಿಸುವ ಕಾರ್ಯಕ್ರಮದ ಸಹಿಯನ್ನು ಪರಿಶೀಲಿಸುತ್ತದೆ. ಆದರೆ ಆ ಕಾರ್ಯಕ್ರಮ ಮುಂದೆ ಓದುವ ಉತ್ತರ ಕಡತಕ್ಕೆ ಆ ಕಾವಲು ಅನ್ವಯಿಸುವುದಿಲ್ಲ. ಆದ್ದರಿಂದ ಅನುಸ್ಥಾಪನೆಗೆಂದೇ ಪ್ರತ್ಯೇಕ ಜಾಲಭಾಗವನ್ನು ಮೀಸಲಿಡುವುದು ಬಲ್ಲವರ ವಾಡಿಕೆ.

ಉತ್ತರ ಕಡತಗಳು

ಎದ್ದು ಕುಳಿತ ಅನುಸ್ಥಾಪಕಕ್ಕೆ ಉತ್ತರ ಹೇಳುವವರು ಯಾರು? ಸನ್ ಮೈಕ್ರೋಸಿಸ್ಟಮ್ಸ್ ತನ್ನ ಸೋಲಾರಿಸ್ ವ್ಯವಸ್ಥೆಗಾಗಿ 1990ರ ದಶಕದ ಮೊದಲ ಭಾಗದಲ್ಲಿ ರೂಪಿಸಿದ ಜಂಪ್‌ಸ್ಟಾರ್ಟ್ ಇದಕ್ಕೆ ಕೊಟ್ಟ ಪರಿಹಾರ ಇಂದಿಗೂ ಅಧ್ಯಯನಯೋಗ್ಯವಾಗಿದೆ. ಅದರಲ್ಲಿ ನಿಯಮಗಳ ಕಡತವೊಂದಿತ್ತು. ಪ್ರತಿ ಸಾಲಿನಲ್ಲಿಯೂ ಮೊದಲಿಗೆ ಒಂದು ಷರತ್ತು: ಯಂತ್ರದ ಹೆಸರು, ಅದು ಇರುವ ಜಾಲ, ಸ್ಮೃತಿಯ ಗಾತ್ರ, ಡಿಸ್ಕಿನ ಗಾತ್ರ, ಮಾದರಿ. ಅನಂತರ ಮೂರು ಹೆಸರುಗಳು: ಅನುಸ್ಥಾಪನೆಗೆ ಮುನ್ನ ನಡೆಯಬೇಕಾದ ಲಿಪಿ, ಡಿಸ್ಕು ಮತ್ತು ತಂತ್ರಾಂಶಗಳ ವಿವರವಿರುವ ಕಡತ, ಮುಗಿದ ಮೇಲೆ ನಡೆಯಬೇಕಾದ ಲಿಪಿ. ಯಂತ್ರ ಮೇಲಿನಿಂದ ಕೆಳಕ್ಕೆ ಓದುತ್ತ, ತನಗೆ ಒಪ್ಪುವ ಮೊದಲ ಸಾಲಿನಲ್ಲಿ ನಿಲ್ಲುತ್ತದೆ.

ಜಂಪ್‌ಸ್ಟಾರ್ಟ್‌ನ ಇನ್ನೊಂದು ವಿವೇಕ ಗಮನಕ್ಕೆ ಬರುವುದು ಕಡಿಮೆ. ಆಡಳಿತಗಾರ ಬರೆದ ನಿಯಮ ಕಡತವನ್ನು ಯಂತ್ರ ನೇರವಾಗಿ ಓದುತ್ತಿರಲಿಲ್ಲ. ಪರೀಕ್ಷಕ ಕಾರ್ಯಕ್ರಮವೊಂದು ಅದರ ವ್ಯಾಕರಣವನ್ನು ತಪಾಸಣೆ ಮಾಡಿ, ಸರಿಯಿದ್ದರೆ ಮಾತ್ರ ಬೇರೆ ಹೆಸರಿನ ಕಡತವನ್ನು ಸೃಷ್ಟಿಸುತ್ತಿತ್ತು. ಯಂತ್ರ ನಂಬುತ್ತಿದ್ದುದು ಅದನ್ನು. ಬರೆದವನ ತಪ್ಪು ಅರವತ್ತು ಯಂತ್ರಗಳಿಗೆ ಹಬ್ಬುವ ಮೊದಲೇ ಒಂದು ಬಾಗಿಲು ಅಡ್ಡ ನಿಂತಿತ್ತು. ಮುಂದೆ ಬಂದ ಎಷ್ಟೋ ಪದ್ಧತಿಗಳಲ್ಲಿ ಇಂಥ ತಪಾಸಣೆ ಐಚ್ಛಿಕವಾಯಿತು. ಐಚ್ಛಿಕವಾದುದನ್ನು ಅವಸರದಲ್ಲಿರುವವರು ಮಾಡುವುದಿಲ್ಲ. ಸೋಲಾರಿಸ್ 11 ಹೊರಬಂದ 2011ರಲ್ಲಿ ಜಂಪ್‌ಸ್ಟಾರ್ಟ್ ತನ್ನ ಸ್ಥಾನವನ್ನು ಬೇರೊಂದು ಅನುಸ್ಥಾಪಕಕ್ಕೆ ಬಿಟ್ಟುಕೊಟ್ಟಿತು.

ಲಿನಕ್ಸ್ ಲೋಕದಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಕಿಕ್‌ಸ್ಟಾರ್ಟ್ ಇದೇ ಮಾರ್ಗದಲ್ಲಿ ಸಾಗಿತು. ಅದರ ಉತ್ತರ ಕಡತ ಸರಳ ಪಠ್ಯ; ಸಾಲಿಗೊಂದು ಉತ್ತರ. 1999ರ ರೆಡ್ ಹ್ಯಾಟ್ ಲಿನಕ್ಸ್ 6.1ರೊಂದಿಗೆ ಬಂದ ಅನಕೊಂಡ ಎಂಬ ಅನುಸ್ಥಾಪಕದಲ್ಲಿ ಇದು ನೆಲೆಗೊಂಡಿತು. ಇದರ ಒಂದು ಗುಣ ಬಹಳ ಉಪಕಾರಿ: ಕೈಯಿಂದ ಒಮ್ಮೆ ಅನುಸ್ಥಾಪನೆ ಮಾಡಿದರೆ, ಕೊಟ್ಟ ಉತ್ತರಗಳನ್ನೆಲ್ಲ ಅನುಸ್ಥಾಪಕವೇ ಕಿಕ್‌ಸ್ಟಾರ್ಟ್ ರೂಪದಲ್ಲಿ ಬರೆದು ಆಡಳಿತಗಾರನ ಕೋಶದಲ್ಲಿ ಇಟ್ಟುಹೋಗುತ್ತದೆ. ಅದನ್ನೇ ತಿದ್ದಿ ಮುಂದಿನ ಯಂತ್ರಕ್ಕೆ ಬಳಸಬಹುದು. ವ್ಯಾಕರಣವನ್ನು ಓದಿ ಕಲಿಯುವುದಕ್ಕಿಂತ ತಾನೇ ಆಡಿದ ಮಾತಿನ ಬರಹರೂಪವನ್ನು ನೋಡಿ ಕಲಿಯುವುದು ಸುಲಭ. ಕಿಕ್‌ಸ್ಟಾರ್ಟ್ ಇಷ್ಟು ವ್ಯಾಪಕವಾಗಿ ಹರಡಲು ಈ ಒಂದು ಅನುಕೂಲವೂ ಕಾರಣವೆನ್ನಬಹುದು.

ಅನುಸ್ಥಾಪನೆಗೆ ಮೊದಲು ನಡೆಯುವ ಲಿಪಿ ಡಿಸ್ಕುಗಳನ್ನು ಎಣಿಸಿ, ಅದಕ್ಕೆ ತಕ್ಕ ಸಾಲುಗಳನ್ನು ಅಲ್ಲಿಯೇ ಬರೆದು, ಕಿಕ್‌ಸ್ಟಾರ್ಟ್ ಕಡತಕ್ಕೆ ಸೇರಿಸಬಹುದು. ಈ ಹಂತದಲ್ಲಿ ಉತ್ತರ ಕಡತವು ಉತ್ತರಗಳ ಪಟ್ಟಿಯಾಗಿ ಉಳಿಯದೆ ಸ್ವತಃ ಒಂದು ಕಾರ್ಯಕ್ರಮವಾಗುತ್ತದೆ. ಶಕ್ತಿ ಹೆಚ್ಚುತ್ತದೆ, ಓದಿ ಅರ್ಥಮಾಡಿಕೊಳ್ಳುವ ಸೌಲಭ್ಯ ಕಡಿಮೆಯಾಗುತ್ತದೆ.

ಡೆಬಿಯನ್ ಹಿಡಿದ ದಾರಿ ತುಸು ಭಿನ್ನ. 2005ರ ಜೂನ್ ತಿಂಗಳಲ್ಲಿ ಹೊರಬಂದ ಡೆಬಿಯನ್ 3.1ರ ಹೊಸ ಅನುಸ್ಥಾಪಕ ತನ್ನ ಎಲ್ಲ ಪ್ರಶ್ನೆಗಳನ್ನೂ ಡೆಬ್‌ಕಾನ್ಫ್ ಎಂಬ ಪ್ರಶ್ನಾಕೋಶದ ಮೂಲಕ ಕೇಳುತ್ತದೆ. ಪ್ರತಿ ಪ್ರಶ್ನೆಗೂ ಒಂದು ಹೆಸರು, ಒಂದು ಆದ್ಯತೆ. ಪ್ರಿಸೀಡ್ ಎಂಬ ಕಡತ ಆ ಹೆಸರುಗಳಿಗೆ ಉತ್ತರಗಳನ್ನು ಮೊದಲೇ ಬಿತ್ತಿಡುತ್ತದೆ. ಉತ್ತರ ಸಿಕ್ಕಿದ ಪ್ರಶ್ನೆಯನ್ನು ಅನುಸ್ಥಾಪಕ ಕೇಳುವುದಿಲ್ಲ. ಅತ್ಯಂತ ಮೇಲಿನ ಆದ್ಯತೆಯದನ್ನು ಮಾತ್ರ ಕೇಳೆಂದು ಹೇಳಿದರೆ ಉಳಿದವಕ್ಕೆ ತನ್ನ ಪೂರ್ವನಿಶ್ಚಿತ ಉತ್ತರವನ್ನೇ ಹಿಡಿಯುತ್ತದೆ. ಇಲ್ಲಿ ಒಂದು ಬೀಜವೃಕ್ಷ ನ್ಯಾಯ ಎದುರಾಗುತ್ತದೆ. ಉತ್ತರ ಕಡತ ಜಾಲದಲ್ಲಿದೆ. ಅದನ್ನು ತರಲು ಜಾಲ ಸಿದ್ಧವಾಗಬೇಕು. ಜಾಲವನ್ನು ಸಿದ್ಧಪಡಿಸುವ ಮುನ್ನವೇ ಅನುಸ್ಥಾಪಕ ಭಾಷೆಯನ್ನೂ ಕೀಲಿಮಣೆಯನ್ನೂ ಕೇಳಿಬಿಡುತ್ತದೆ. ಆ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳುವ ಸೂಚನೆಯನ್ನು ಕರ್ನಲ್‌ಗೆ ಕೊಡುವ ಸಾಲಿನಲ್ಲಿಯೇ ಬರೆಯುವುದು ಇದಕ್ಕೆ ಪರಿಹಾರ.

ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿಯ ಕಾಲದಿಂದಲೂ ಪಠ್ಯರೂಪದ ಉತ್ತರ ಕಡತವನ್ನು ಒಪ್ಪಿಕೊಂಡಿತ್ತು. ವಿಂಡೋಸ್ 2000ದೊಂದಿಗೆ ಜಾಲದ ಮೂಲಕ ಅನುಸ್ಥಾಪಿಸುವ ಸೇವೆಯೂ ಬಂದಿತು. ದೊಡ್ಡ ಬದಲಾವಣೆಯಾದದ್ದು 2007ರ ಆರಂಭದಲ್ಲಿ ಸಾರ್ವಜನಿಕರಿಗೆ ದೊರೆತ ವಿಸ್ಟಾದಲ್ಲಿ. ಅಲ್ಲಿಂದ ಮುಂದೆ ಅನುಸ್ಥಾಪನೆಯೆಂದರೆ ಸಿದ್ಧ ಪಡಿಯಚ್ಚೊಂದನ್ನು ಡಿಸ್ಕಿನ ಮೇಲೆ ಹರಡುವುದೇ ಆಯಿತು. ಉತ್ತರ ಕಡತ ಎಕ್ಸ್‌ಎಂಎಲ್ ರೂಪ ತಾಳಿ, ಏಳು ಹಂತಗಳಲ್ಲಿ ಹಂಚಿಹೋಯಿತು. ಉಬುಂಟು 2020ರ ಏಪ್ರಿಲ್‌ನ ಆವೃತ್ತಿಯ ಸರ್ವರ್ ಅನುಸ್ಥಾಪಕದಲ್ಲಿ ಡೆಬಿಯನ್‌ನ ಪದ್ಧತಿಯಿಂದ ಬೇರೆಯಾಗಿ ತನ್ನದೇ ಉತ್ತರ ಕಡತವನ್ನು ತಂದಿತು. ಸೂಸೆ ಲಿನಕ್ಸ್‌ನ ಆಟೋಯಾಸ್ಟ್ ಸಹ ಎಕ್ಸ್‌ಎಂಎಲ್ ಆಧಾರಿತವೇ.

ಈ ಎಲ್ಲ ಪದ್ಧತಿಗಳನ್ನೂ ಒರೆಗೆ ಹಚ್ಚುವ ಪ್ರಶ್ನೆ ಒಂದೇ: ಉತ್ತರ ಇಲ್ಲದಿದ್ದಾಗ ಯಂತ್ರ ಏನು ಮಾಡುತ್ತದೆ? ನಿಂತು ಕೇಳಿದರೆ, ಬೀಗ ಹಾಕಿದ ಕೋಣೆಯಲ್ಲಿ, ಪರದೆಯೇ ಇಲ್ಲದ ಸರ್ವರೊಂದು ಬೆಳಗಿನವರೆಗೆ ಯಾರಿಗೂ ಕಾಣದ ಪ್ರಶ್ನೆಯನ್ನು ಹಿಡಿದು ಕಾಯುತ್ತದೆ. ತಾನೇ ಊಹಿಸಿ ಮುಂದುವರಿದರೆ ಕೆಲಸ ಮುಗಿಯುತ್ತದೆ, ಆದರೆ ಊಹೆ ಏನೆಂಬುದು ತಿಳಿಯುವುದಿಲ್ಲ. ತಂತ್ರಾಂಶಗಳ ಪಟ್ಟಿಯಂಥ ವಿಷಯದಲ್ಲಿ ಊಹೆ ಸಹ್ಯ. ಡಿಸ್ಕಿನ ವಿಷಯದಲ್ಲಿ ನಿಂತುಬಿಡುವುದೇ ಲೇಸು.

ವರ್ಗಗಳಿಂದ ಕಟ್ಟುವುದು

ಉತ್ತರ ಕಡತಗಳ ದೌರ್ಬಲ್ಯವೆಂದರೆ ಅವು ಬಹುಬೇಗ ಮರಿ ಹಾಕುತ್ತವೆ. ಗ್ರಂಥಾಲಯದ ಓದುಗರ ಯಂತ್ರಕ್ಕೆ ಒಂದು, ಸಿಬ್ಬಂದಿಯ ಯಂತ್ರಕ್ಕೆ ಒಂದು, ದೊಡ್ಡ ಡಿಸ್ಕಿನ ಸಿಬ್ಬಂದಿ ಯಂತ್ರಕ್ಕೆ ಮತ್ತೊಂದು. ಕಾಲವಲಯದ ಒಂದು ತಿದ್ದುಪಡಿಯನ್ನು ಹನ್ನೆರಡು ಕಡೆ ಮಾಡಬೇಕಾಗುತ್ತದೆ, ಹನ್ನೊಂದು ಕಡೆ ಆಗುತ್ತದೆ.

ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಆರಂಭಿಸಿದ ಎಫ್‌ಎಐ, ಅಂದರೆ ‘ಸಂಪೂರ್ಣ ಸ್ವಯಂಚಾಲಿತ ಅನುಸ್ಥಾಪನೆ’, ಸೋಲಾರಿಸ್‌ನ ಜಂಪ್‌ಸ್ಟಾರ್ಟ್ ಮಾಡುತ್ತಿದ್ದ ಕೆಲಸವನ್ನು ಡೆಬಿಯನ್‌ಗೆ ತಂದುಕೊಟ್ಟಿತಲ್ಲದೆ ಈ ಸಮಸ್ಯೆಗೆ ಬೇರೊಂದು ದಾರಿಯನ್ನು ತೋರಿಸಿತು. ಇದು ಡೆಬಿಯನ್‌ನ ಪ್ರಶ್ನೆ ಕೇಳುವ ಅನುಸ್ಥಾಪಕವನ್ನು ಬಳಸುವುದೇ ಇಲ್ಲ. ಜಾಲದಿಂದ ಎದ್ದ ಯಂತ್ರ ಸರ್ವರ್‌ನಲ್ಲಿರುವ ಪುಟ್ಟ ವ್ಯವಸ್ಥೆಯೊಂದರಲ್ಲಿ ನಿಂತು ಡಿಸ್ಕನ್ನು ವಿಭಾಗಿಸಿ, ಹೊಸ ವ್ಯವಸ್ಥೆಯನ್ನು ತಳದಿಂದ ಕಟ್ಟುತ್ತದೆ. ಕಟ್ಟುವ ಮೊದಲು ಯಂತ್ರ ತಾನು ಯಾವ ಯಾವ ವರ್ಗಗಳಿಗೆ ಸೇರಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಯಂತ್ರ ಏಕಕಾಲದಲ್ಲಿ ‘ಎಲ್ಲ ಯಂತ್ರಗಳು’, ‘ಓದುಗರ ಯಂತ್ರ’, ‘ದೊಡ್ಡ ಡಿಸ್ಕು’ ಎಂಬ ಮೂರಕ್ಕೂ ಸೇರಿರಬಹುದು. ಅದರ ಸ್ವಂತ ಹೆಸರೂ ಒಂದು ವರ್ಗವೇ. ವರ್ಗಗಳಿಗೆ ಅನುಕ್ರಮವಿದೆ: ಸಾಮಾನ್ಯವಾದುದು ಮೊದಲು, ವಿಶೇಷವಾದುದು ನಂತರ. ಕಡತವೊಂದಕ್ಕೆ ಹಲವು ವರ್ಗಗಳ ರೂಪಗಳಿದ್ದರೆ ವಿಶೇಷವಾದುದು ಗೆಲ್ಲುತ್ತದೆ. ಸಾಮಾನ್ಯ ವಿಧಿ ಮತ್ತು ಅಪವಾದ ವಿಧಿಗಳ ಸಂಬಂಧವನ್ನು ಬಲ್ಲ ವ್ಯಾಕರಣಾಭ್ಯಾಸಿಗಳಿಗೆ ಇದು ಪರಿಚಿತವಾದ ಆಲೋಚನೆಯೇ. ಕಾಲವಲಯದ ತಿದ್ದುಪಡಿ ಈಗ ಒಂದೇ ಕಡೆ ಆಗುತ್ತದೆ. ಕಲಿಯಲು ಹೆಚ್ಚು ಶ್ರಮ ಬೇಕೆಂಬುದು ನಿಜ. ಹತ್ತು ಯಂತ್ರಗಳಿರುವ ಕಡೆ ಅಷ್ಟು ಶ್ರಮಕ್ಕೆ ಅರ್ಥವಿಲ್ಲದೆಯೂ ಇರಬಹುದು.

ಪಡಿಯಚ್ಚು ಮತ್ತು ಗುರುತು

ಪ್ರಶ್ನೆಯನ್ನೇ ತಪ್ಪಿಸುವ ಇನ್ನೊಂದು ಮಾರ್ಗವೆಂದರೆ, ಒಂದು ಯಂತ್ರವನ್ನು ಸರಿಯಾಗಿ ಸಿದ್ಧಪಡಿಸಿ ಅದರ ಡಿಸ್ಕಿನ ಪಡಿಯಚ್ಚನ್ನು ತೆಗೆದು ಉಳಿದವುಗಳ ಮೇಲೆ ಒತ್ತುವುದು. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಬೈನರಿ ರಿಸರ್ಚ್ ಸಂಸ್ಥೆಯ ಮರ‍್ರೆ ಹ್ಯಾಸ್ಜರ್ಡ್ 1990ರ ದಶಕದ ಮಧ್ಯದಲ್ಲಿ ರಚಿಸಿ, 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡ ಘೋಸ್ಟ್ ತಂತ್ರಾಂಶ ಈ ವಿಧಾನಕ್ಕೆ ಪರ್ಯಾಯನಾಮವೇ ಆಗಿಹೋಗಿತ್ತು. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಪಡಿಯಚ್ಚಿನಲ್ಲಿ ಬರಬಾರದ ಒಂದು ವಸ್ತುವೂ ಬರುತ್ತದೆ: ಮೂಲ ಯಂತ್ರದ ಗುರುತು.

ವಿಂಡೋಸ್ ಯಂತ್ರಕ್ಕೆ ಅನುಸ್ಥಾಪನೆಯ ವೇಳೆ ಎಸ್‌ಐಡಿ ಎಂಬ ಭದ್ರತಾ ಗುರುತುಸಂಖ್ಯೆ ಹುಟ್ಟುತ್ತದೆ. ಪಡಿಯಚ್ಚಿನಲ್ಲಿ ಅದೂ ನಕಲಾಗುತ್ತದೆ. ಅದನ್ನು ಬದಲಿಸಲು ನ್ಯೂಎಸ್‌ಐಡಿ ಎಂಬ ಸಾಧನ ಬಹುಕಾಲ ಜನಪ್ರಿಯವಾಗಿತ್ತು. ಅದರ ಕರ್ತೃಗಳಲ್ಲಿ ಒಬ್ಬರಾದ ಮಾರ್ಕ್ ರುಸಿನೋವಿಚ್ ಅವರೇ 2009ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡರು. ಯಂತ್ರದ ಎಸ್‌ಐಡಿ ಆ ಯಂತ್ರದ ಹೊರಗೆ ಬಳಕೆಯಾಗುವುದಿಲ್ಲವಾದ್ದರಿಂದ ಪುನರುಕ್ತಿಯಿಂದ ಅಪಾಯವಿಲ್ಲ ಎಂಬುದು ಅವರ ವಿವರಣೆ. ಆದರೂ ಪಡಿಯಚ್ಚು ತೆಗೆಯುವ ಮೊದಲು ಸಿಸ್‌ಪ್ರೆಪ್ ಎಂಬ ಅಧಿಕೃತ ಸಾಧನದಿಂದ ಗುರುತನ್ನು ಅಳಿಸಲೇಬೇಕೆಂಬುದು ಮೈಕ್ರೋಸಾಫ್ಟ್‌ನ ನಿಯಮವಾಗಿಯೇ ಉಳಿಯಿತು. ಬಹಳ ಕಡೆ ಆ ನಿಯಮವನ್ನು ಅಲಕ್ಷಿಸಲಾಯಿತು, ಏನೂ ಆಗಲಿಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ಪರಿಷ್ಕಾರಗಳಲ್ಲಿ ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳೂ ವಿಂಡೋಸ್ ಸರ್ವರ್ 2025ರೂ ಎಸ್‌ಐಡಿಯನ್ನು ಪರಿಶೀಲಿಸತೊಡಗಿದವು. ಒಂದೇ ಗುರುತಿನ ಎರಡು ಯಂತ್ರಗಳು ಪರಸ್ಪರ ದೃಢೀಕರಣವನ್ನು ನಿರಾಕರಿಸಿದವು. ಎಷ್ಟೋ ವರ್ಷ ನಿರಪಾಯವಾಗಿ ನಡೆದುಕೊಂಡು ಬಂದ ಅಡ್ಡದಾರಿ ಒಂದು ಪರಿಷ್ಕಾರದಿಂದ ಮುಚ್ಚಿಹೋಯಿತು.

ಲಿನಕ್ಸ್‌ನಲ್ಲಿಯೂ ಇದೇ ತೊಡಕು ಬೇರೆ ವೇಷಗಳಲ್ಲಿ ಬರುತ್ತದೆ. ಸಿಸ್ಟಮ್‌ಡಿ ಇರುವ ವ್ಯವಸ್ಥೆಗಳಲ್ಲಿ ಯಂತ್ರಗುರುತಿನ ಕಡತವೊಂದಿದೆ. ಅದು ನಕಲಾದರೆ ಕೆಲವು ವಿನ್ಯಾಸಗಳಲ್ಲಿ ಎರಡು ಯಂತ್ರಗಳು ಡಿಎಚ್‌ಸಿಪಿ ಸರ್ವರ್‌ಗೆ ಒಂದೇ ಆಗಿ ಕಂಡು ಒಂದೇ ವಿಳಾಸವನ್ನು ಪಡೆಯುತ್ತವೆ. ಈ ದೋಷ ಕೂಡಲೇ ಕಾಣುವುದರಿಂದ ಕೂಡಲೇ ಪರಿಹಾರವಾಗುತ್ತದೆ. ಎಸ್‌ಎಸ್‌ಎಚ್ ಸೇವೆಯ ಖಾಸಗಿ ಕೀಲಿ ನಕಲಾದರೆ ಹಾಗಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತದೆ. ಒಂದು ಯಂತ್ರದ ಕೀಲಿಯನ್ನು ಪಡೆದವನು ಉಳಿದ ಐವತ್ತೊಂಬತ್ತರ ಹೆಸರಿನಲ್ಲಿಯೂ ನಟಿಸಬಲ್ಲ ಎಂಬುದೊಂದನ್ನು ಬಿಟ್ಟು.

ಕೀಲಿಯನ್ನು ನಕಲು ಮಾಡದೆ ಪ್ರತಿ ಯಂತ್ರವೂ ತನ್ನದನ್ನು ತಾನೇ ಸೃಷ್ಟಿಸಿಕೊಂಡರೆ ಸಾಕೇ? ಮನುಷ್ಯನಿಲ್ಲದ ಅನುಸ್ಥಾಪನೆಯ ಅತಿ ಸೂಕ್ಷ್ಮ ಸಮಸ್ಯೆ ಅಡಗಿರುವುದು ಇಲ್ಲಿ. ಕೀಲಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳನ್ನು ಯಂತ್ರ ಬಹುಮಟ್ಟಿಗೆ ಹೊರಗಿನ ಅನಿಶ್ಚಿತ ಘಟನೆಗಳಿಂದ ಹೆಕ್ಕುತ್ತದೆ: ಕೀಲಿ ಒತ್ತಿದ ಕ್ಷಣ, ಮೂಷಕದ ಚಲನೆ, ಡಿಸ್ಕಿನ ವಿಳಂಬ. ಕೈಯಿಂದ ಅನುಸ್ಥಾಪಿಸುವವನು ತನಗೆ ಅರಿವಿಲ್ಲದೆಯೇ ಯಂತ್ರಕ್ಕೆ ಈ ಅನಿಶ್ಚಿತತೆಯನ್ನು ದಾನ ಮಾಡುತ್ತಿದ್ದ. ಅವನಿಲ್ಲದ ಮೊದಲ ಏಳಿಕೆಯಲ್ಲಿ, ಒಂದೇ ಬಗೆಯ ಸಾವಿರ ಸಾಧನಗಳು ಒಂದೇ ಕ್ರಮದಲ್ಲಿ ಎದ್ದು, ಹೆಚ್ಚುಕಡಿಮೆ ಒಂದೇ ಸಂಖ್ಯೆಯಿಂದ ಆರಂಭಿಸುವ ಸಂಭವವಿದೆ. ನಾಡಿಯಾ ಹೆನಿಂಜರ್, ಜಾಕಿರ್ ಡುರುಮೆರಿಕ್, ಎರಿಕ್ ವುಸ್ಟ್ರೋ ಮತ್ತು ಅಲೆಕ್ಸ್ ಹಾಲ್ಡರ್‌ಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂತರಜಾಲದ ವ್ಯಾಪ್ತಿಯಲ್ಲಿ ತೋರಿಸಿಕೊಟ್ಟಿತು. ಸಾರ್ವಜನಿಕವಾಗಿ ಲಭ್ಯವಿದ್ದ ಕೀಲಿಗಳನ್ನಷ್ಟೇ ಹೋಲಿಸಿ, ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇ. 0.50ರಷ್ಟರ ಆರ್‌ಎಸ್‌ಎ ಖಾಸಗಿ ಕೀಲಿಗಳನ್ನೂ, ಎಸ್‌ಎಸ್‌ಎಚ್ ಬಳಸುವ ಯಂತ್ರಗಳಲ್ಲಿ ಶೇ. 1.03ರಷ್ಟರ ಡಿಎಸ್‌ಎ ಖಾಸಗಿ ಕೀಲಿಗಳನ್ನೂ ಅವರು ಲೆಕ್ಕ ಹಾಕಿ ಪಡೆದರು. ದೋಷಕ್ಕೆ ಗುರಿಯಾದವುಗಳಲ್ಲಿ ಮುಖ್ಯವಾದವು ರೂಟರ್, ಫೈರ್‌ವಾಲ್ ಮೊದಲಾದ, ಪರದೆಯೂ ಕೀಲಿಮಣೆಯೂ ಇಲ್ಲದ ಸಾಧನಗಳು. ಸಾಕಷ್ಟು ಅನಿಶ್ಚಿತತೆ ಸಂಗ್ರಹವಾಗುವವರೆಗೆ ಕೇಳಿದವನನ್ನು ಕಾಯಿಸುವ ಹೊಸ ಕರೆಯೊಂದು 2014ರ ಲಿನಕ್ಸ್ 3.17ರಲ್ಲಿ ಸೇರಿತು.

ಅಳಿಸುವ ಅಧಿಕಾರ

ಕಿಕ್‌ಸ್ಟಾರ್ಟ್‌ನಲ್ಲಿ ಎಲ್ಲ ಡಿಸ್ಕುಗಳ ಎಲ್ಲ ವಿಭಾಗಗಳನ್ನೂ ಅಳಿಸಲು ಒಂದು ಸಾಲು ಸಾಕು. ಕೈಯಿಂದ ಮಾಡುವಾಗ ‘ಇದರಿಂದ ದತ್ತಾಂಶವೆಲ್ಲ ನಾಶವಾಗುತ್ತದೆ, ಮುಂದುವರಿಯಬೇಕೆ’ ಎಂಬ ಎಚ್ಚರಿಕೆಯ ಎದುರು ಕೈ ಒಂದು ಕ್ಷಣ ತಡೆಯುತ್ತದೆ. ಉತ್ತರ ಕಡತದಲ್ಲಿ ಆ ತಡೆಗೆ ‘ಹೌದು’ ಎಂದು ಮೊದಲೇ ಬರೆದಿರುತ್ತದೆ. ಬರೆದಾಗ ಮನಸ್ಸಿನಲ್ಲಿದ್ದ ಯಂತ್ರ ಬೇರೆ, ಓದುತ್ತಿರುವ ಯಂತ್ರ ಬೇರೆಯಾಗಿರಬಹುದು. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಕ್ರಮಾಕ್ಷರಗಳು ಪ್ರತಿ ಬಾರಿಯೂ ಒಂದೇ ಆಗಿರುತ್ತವೆಂಬ ಭರವಸೆಯಿಲ್ಲ. ಮೊದಲ ಡಿಸ್ಕೆಂದು ಬರೆದದ್ದು ಮರೆತುಬಿಟ್ಟ ಯುಎಸ್‌ಬಿ ಕಡ್ಡಿಯಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಸರ್ವರ್‌ಗೆ ಜಾಲದ ಮೂಲಕ ಅಂಟಿಕೊಂಡಿರುವ, ಇಡೀ ಸಂಸ್ಥೆಯ ದತ್ತಾಂಶವಿರುವ ಸಂಗ್ರಹಾಗಾರವೇ ಆಗಬಹುದು. ಡಿಸ್ಕನ್ನು ಅಕ್ಷರದಿಂದ ಗುರುತಿಸದೆ ಅದರ ಸ್ಥಿರ ಗುರುತಿನಿಂದ ಹೆಸರಿಸುವುದು, ಅನುಸ್ಥಾಪನೆ ಮುಗಿಯುವವರೆಗೆ ಹೊರ ಸಂಗ್ರಹದ ಸಂಪರ್ಕವನ್ನು ಬೇರ್ಪಡಿಸಿಡುವುದು, ಇವೆರಡೂ ಅನುಭವದಿಂದ ಬಂದ ಮುನ್ನೆಚ್ಚರಿಕೆಗಳು.

ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ 2014ರ ಮೇ ತಿಂಗಳಲ್ಲಿ ನಡೆದ ಘಟನೆ ಈ ವಿಷಯದಲ್ಲಿ ಪದೇಪದೇ ಉದಾಹೃತವಾಗುತ್ತದೆ. ವಿಂಡೋಸ್ 7ನ್ನು ಹರಡುವ ಕಾರ್ಯಸರಣಿಯೊಂದು ಆಕಸ್ಮಿಕವಾಗಿ ಆಡಳಿತ ವ್ಯವಸ್ಥೆಯ ಅಡಿಯಲ್ಲಿದ್ದ ಎಲ್ಲ ವಿಂಡೋಸ್ ಯಂತ್ರಗಳಿಗೂ ಹೋಯಿತು. ಮೇಜಿನ ಯಂತ್ರ, ಮಡಿಲ ಯಂತ್ರ, ಸರ್ವರ್ ಎಂಬ ಭೇದವಿರಲಿಲ್ಲ. ಸರಣಿಯ ಆರಂಭದಲ್ಲಿಯೇ ಡಿಸ್ಕನ್ನು ಮರುವಿಭಾಗಿಸುವ ಕೆಲಸವಿತ್ತು. ತಪ್ಪು ತಿಳಿದೊಡನೆ ಹಂಚುವ ಸರ್ವರನ್ನು ನಿಲ್ಲಿಸಲಾಯಿತು. ಅಷ್ಟರಲ್ಲಿ ಆ ಸರ್ವರ್ ತನ್ನ ಆಜ್ಞೆಯನ್ನು ತಾನೂ ಪಾಲಿಸಿ, ತನ್ನ ಡಿಸ್ಕನ್ನೂ ಅಳಿಸಿಕೊಂಡಿತ್ತು. ದೋಷ ಒಂದು ಯಂತ್ರದ್ದಾದರೆ ಒಂದು ಯಂತ್ರ ಹಾಳಾಗುತ್ತದೆ. ಸ್ವಯಂಚಾಲನೆಯಲ್ಲಿ ದೋಷಕ್ಕೂ ಏಕರೂಪತೆ ಸಿದ್ಧಿಸುತ್ತದೆ.

ಸಣ್ಣ ಪ್ರಮಾಣದಲ್ಲಿ ಎಲ್ಲೆಡೆ ಕಾಣುವ ದೋಷ ಅನುಸ್ಥಾಪನೆಯ ಚಕ್ರ. ಮೊದಲು ಜಾಲದಿಂದ ಏಳು ಎಂದು ನಿಗದಿಯಾದ ಯಂತ್ರ, ಅನುಸ್ಥಾಪನೆ ಮುಗಿಸಿ ಮರಳಿ ಎದ್ದಾಗ ಮತ್ತೆ ಜಾಲವನ್ನೇ ಕೇಳುತ್ತದೆ, ಮತ್ತೆ ಅನುಸ್ಥಾಪಿಸುತ್ತದೆ. ಪ್ರತಿ ಯಂತ್ರಕ್ಕೂ ಸರ್ವರ್‌ನಲ್ಲಿ ಒಂದು ಗುರುತನ್ನಿಟ್ಟು, ಕೆಲಸ ಮುಗಿದೊಡನೆ ‘ಇನ್ನು ನಿನ್ನ ಡಿಸ್ಕಿನಿಂದಲೇ ಏಳು’ ಎಂದು ಹೇಳುವ ಏರ್ಪಾಡನ್ನು ಕಾಬ್ಲರ್‌ನಂಥ ನಿರ್ವಹಣಾ ಸಾಧನಗಳು ಮಾಡಿಕೊಂಡಿವೆ.

ಗುಪ್ತಪದದ ಮಾತು ಇಲ್ಲಿಗೆ ಸೇರಿದ್ದು. ಉತ್ತರ ಕಡತದಲ್ಲಿ ಅದನ್ನು ಹ್ಯಾಶ್ ರೂಪದಲ್ಲಿ ಬರೆಯಬಹುದು. ಆದರೆ ಆ ಕಡತವನ್ನು ಅನಾಮಧೇಯ ಯಂತ್ರಗಳೇ ಓದಬೇಕಾದ್ದರಿಂದ ಜಾಲದಲ್ಲಿರುವ ಯಾರಾದರೂ ಓದಬಹುದು, ಓದಿ ಬಿಡು ಸಮಯದಲ್ಲಿ ಊಹಿಸುತ್ತ ಕೂರಬಹುದು. ವಿಂಡೋಸ್‌ನ ಉತ್ತರ ಕಡತದ ಪ್ರತಿಯೊಂದು ಅನುಸ್ಥಾಪನೆಯ ನಂತರವೂ ಡಿಸ್ಕಿನಲ್ಲಿ ಉಳಿಯಬಹುದಾಗಿದ್ದು, ಅದರಲ್ಲಿ ‘ಮರೆಮಾಡಿದ’ ಗುಪ್ತಪದ ಕೇವಲ ಸಂಕೇತಾಂತರವೇ ಹೊರತು ಗೂಢಲಿಪಿಯಲ್ಲ. ಅನುಸ್ಥಾಪನೆಗೆಂದು ತಾತ್ಕಾಲಿಕ ಗುಪ್ತಪದವನ್ನು ಕೊಟ್ಟು, ಮೊದಲ ಏಳಿಕೆಯಲ್ಲಿಯೇ ಅದನ್ನು ರದ್ದುಪಡಿಸಿ, ಸಾರ್ವಜನಿಕ ಕೀಲಿಯ ಮೂಲಕ ಮಾತ್ರ ಪ್ರವೇಶವನ್ನು ಉಳಿಸುವುದು ಯೋಗ್ಯ.

ಭಾಷೆಯ ಉತ್ತರ

ಅನುಸ್ಥಾಪಕ ಮೊದಲು ಕೇಳುವ ಪ್ರಶ್ನೆ ಭಾಷೆಯದು. ಕನ್ನಡದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಇದರ ಉತ್ತರ ತೋರುವಷ್ಟು ಸರಳವಲ್ಲ. ಡೆಬಿಯನ್‌ನ ಅನುಸ್ಥಾಪಕ ಕನ್ನಡದಲ್ಲಿ ಲಭ್ಯವಿದೆ; ಆದರೆ ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸುವ ಶಕ್ತಿ ಪಠ್ಯಪರದೆಗೆ ಇಲ್ಲದ ಕಾರಣ ಅದು ಚಿತ್ರಾತ್ಮಕ ರೂಪದಲ್ಲಿ ಮಾತ್ರ ಕಾಣುತ್ತದೆ. ನೋಡುವವರೇ ಇಲ್ಲದ ಅನುಸ್ಥಾಪನೆಯಲ್ಲಿ ಈ ತೊಡಕು ತಾನಾಗಿ ಇಲ್ಲವಾಗುತ್ತದೆ. ಕೀಲಿಮಣೆಯ ತೊಡಕು ಮಾತ್ರ ಉಳಿಯುತ್ತದೆ. ಲಿನಕ್ಸ್‌ನ ಕೀಲಿಮಣೆ ಸಂಗ್ರಹದಲ್ಲಿ ಕನ್ನಡದ ವಿನ್ಯಾಸವೂ, ಕಗಪ ಎಂಬ ಹೆಸರಿನ ಧ್ವನ್ಯಾತ್ಮಕ ವಿನ್ಯಾಸವೂ ಇವೆ. ಆದರೆ ಬಳಕೆದಾರನ ಹೆಸರು ಮತ್ತು ಆಜ್ಞೆಗಳು ರೋಮನ್ ಅಕ್ಷರಗಳಲ್ಲಿರುವುದರಿಂದ ಕನ್ನಡವೊಂದನ್ನೇ ಉತ್ತರವಾಗಿ ಬರೆದರೆ ಯಂತ್ರಕ್ಕೆ ಪ್ರವೇಶವೇ ಸಾಧ್ಯವಾಗದು. ಎರಡು ವಿನ್ಯಾಸಗಳನ್ನೂ, ಅವುಗಳ ನಡುವೆ ಬದಲಿಸುವ ಕೀಲಿಯನ್ನೂ ಉತ್ತರ ಕಡತದಲ್ಲಿ ಹೇಳಬೇಕು. ಈ ಮೂರನೆಯದನ್ನು ಮರೆಯುವುದು ಸಾಮಾನ್ಯ.

ಗ್ರಂಥಾಲಯಗಳ ಮಟ್ಟಿಗೆ ಇನ್ನೂ ಮಹತ್ವದ ಪರಿಣಾಮವೊಂದಿದೆ. ಭಾಷೆಯ ಉತ್ತರದಿಂದಲೇ ಅಕಾರಾದಿ ಜೋಡಣೆಯ ಕ್ರಮವೂ ನಿರ್ಧಾರವಾಗುತ್ತದೆ. ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯ ಅನುಸ್ಥಾಪನೆಯಾಗುವಾಗ ವ್ಯವಸ್ಥೆಯ ಭಾಷಾ ನಿಗದಿಯನ್ನೇ ಹಿಡಿದು ತನ್ನ ಜೋಡಣಾ ಕ್ರಮವನ್ನು ಸ್ಥಾಪಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಬದಲಿಸುವುದು ತ್ರಾಸದ ಕೆಲಸ. ಭಾಷೆಯೇ ಬೇಡವೆಂಬ ಉತ್ತರ ಕೊಟ್ಟರೆ ಜೋಡಣೆ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ನಡೆಯುತ್ತದೆ. ಆ ಕ್ರಮದಲ್ಲಿ ಅನುಸ್ವಾರ ಸ್ವರಗಳಿಗಿಂತ ಮೊದಲು ಬರುತ್ತದೆ. ಹಳಗನ್ನಡದ ‘ೞ’ ಅಕ್ಷರವಂತೂ ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ ಬರುತ್ತದೆ. (ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ದಾಖಲಾಗಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ.) ‘ೞ’ ಇರುವ ಶೀರ್ಷಿಕೆಗಳು ಸೂಚಿಯಲ್ಲಿ ಇರಬೇಕಾದ ಕಡೆ ಇರದೆ, ಹುಡುಕುವವನಿಗೆ ಇಲ್ಲವೆಂದೇ ತೋರಬಹುದು. ಗ್ರಂಥಪಾಲಕರು ಎಂದೂ ನೋಡದ ಕಡತದ ಒಂದು ಸಾಲು ಗ್ರಂಥಸೂಚಿಯ ಕ್ರಮವನ್ನು ನಿರ್ಧರಿಸಿಬಿಡುತ್ತದೆ.

ಜೋಡಣಾ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದೂ ಉಂಟು. ಲಿನಕ್ಸ್‌ನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿ 2018ರ 2.28ನೆಯ ಆವೃತ್ತಿಯಲ್ಲಿ ಜೋಡಣೆಯ ದತ್ತಾಂಶವನ್ನು ವ್ಯಾಪಕವಾಗಿ ಪರಿಷ್ಕರಿಸಿತು. ಅದರಿಂದ ಹಳೆಯ ಕ್ರಮದಲ್ಲಿ ಕಟ್ಟಿದ್ದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಸೂಚಿಗಳು ಹೊಸ ವ್ಯವಸ್ಥೆಯಲ್ಲಿ ತಪ್ಪು ಉತ್ತರ ಕೊಡತೊಡಗಿ, ಮರುನಿರ್ಮಾಣ ಅನಿವಾರ್ಯವಾಯಿತು. ಉತ್ತರ ಕಡತದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಮೋಡಗಣನೆಯಲ್ಲಿ ಉತ್ತರ ಕಡತ ಮತ್ತು ಪಡಿಯಚ್ಚು ಎರಡೂ ಒಂದಾಗಿವೆ. ಗುರುತಿಲ್ಲದ ಪಡಿಯಚ್ಚೊಂದನ್ನು ಮೊದಲು ಹರಡಿ, ಮೊದಲ ಏಳಿಕೆಯಲ್ಲಿ ಕ್ಲೌಡ್-ಇನಿಟ್‌ನಂಥ ಕಾರ್ಯಕ್ರಮ ಆ ಯಂತ್ರಕ್ಕೆಂದೇ ಇರುವ ಉತ್ತರಗಳನ್ನು ಓದಿ ಹೆಸರು, ಕೀಲಿ, ಬಳಕೆದಾರರನ್ನು ತುಂಬುತ್ತದೆ. ಪಡಿಯಚ್ಚು ಸಹ ಕೈಯಿಂದ ಆಗುವುದಿಲ್ಲ. ಕಿಕ್‌ಸ್ಟಾರ್ಟ್ ಇಲ್ಲವೆ ಪ್ರಿಸೀಡ್ ಕಡತದಿಂದ ಮಿಥ್ಯಾಯಂತ್ರವೊಂದರಲ್ಲಿ ಅದನ್ನು ಕಟ್ಟಲಾಗುತ್ತದೆ. ಉತ್ತರ ಕಡತವನ್ನು ನಿಜವಾದ ಯಂತ್ರದ ಮೇಲೆ ಪ್ರಯೋಗಿಸುವ ಮೊದಲು ಮಿಥ್ಯಾಯಂತ್ರದಲ್ಲಿ ನಡೆಸಿ ನೋಡುವುದಕ್ಕೆ ಇಂದು ಖರ್ಚೇನೂ ಇಲ್ಲ.

ಸಂಶೋಧನೆಯಲ್ಲಿ ತೊಡಗಿದವರು ಗಣನೆಯ ಫಲಿತಾಂಶದೊಂದಿಗೆ ಅದು ನಡೆದ ಯಂತ್ರದ ಉತ್ತರ ಕಡತವನ್ನೂ ದಾಖಲೆಯಾಗಿ ಉಳಿಸುತ್ತಿರುವುದು ಸ್ವಾಗತಾರ್ಹ. ಆದರೆ ಆ ಕಡತದಲ್ಲಿ ತಂತ್ರಾಂಶಗಳ ಹೆಸರಷ್ಟೇ ಇದ್ದು ಆವೃತ್ತಿ ಇಲ್ಲದಿದ್ದರೆ, ಇಂದು ಅದರಿಂದ ಹುಟ್ಟಿದ ಯಂತ್ರವೂ ಮುಂದಿನ ವರ್ಷ ಹುಟ್ಟುವ ಯಂತ್ರವೂ ಒಂದೇ ಆಗಿರುವುದಿಲ್ಲ. ಡೆಬಿಯನ್ 2005ರಿಂದೀಚಿನ ತನ್ನ ತಂತ್ರಾಂಶ ಭಂಡಾರದ ಸ್ಥಿತಿಯನ್ನು ದಿನಾಂಕವಾರು ಕಾಯ್ದಿಟ್ಟು ಸಾರ್ವಜನಿಕರಿಗೆ ಒದಗಿಸಿದೆ. ಉತ್ತರ ಕಡತದಲ್ಲಿ ಭಂಡಾರದ ಸಾಮಾನ್ಯ ವಿಳಾಸದ ಬದಲು ನಿರ್ದಿಷ್ಟ ದಿನಾಂಕದ ವಿಳಾಸವನ್ನು ಬರೆದರೆ ಅಂದಿನ ಯಂತ್ರವನ್ನೇ ಮತ್ತೆ ಕಟ್ಟಬಹುದು. ಭದ್ರತಾ ಪರಿಷ್ಕಾರಗಳೂ ಆ ದಿನಕ್ಕೇ ನಿಂತಿರುವುದರಿಂದ ಅಂಥ ಯಂತ್ರವನ್ನು ಹೊರಜಾಲಕ್ಕೆ ತೆರೆದಿಡುವಂತಿಲ್ಲ.